ಬಾರದ ಕೂಸು, ಚರಂಡಿಯ ಕರೆಂಟು



ಈ ಉಪನ್ಯಾಸದ ದತ್ತಿಗೆ ಒಂದು ಷರತ್ತಿದೆ. ಉಪನ್ಯಾಸದ ಒಂದು ಪಾಲು ಮಕ್ಕಳ ಆರೋಗ್ಯದ ಮಾತಾಗಿರಬೇಕು, ಇನ್ನೊಂದು ಪಾಲು ಹೊಸ ವಿಜ್ಞಾನದ ಮಾತಾಗಿರಬೇಕು. ಸಂಘಟಕರು ಆರಿಸಿಕೊಟ್ಟ ವಿಷಯಗಳೂ ಹಾಗೇ ಇವೆ. ಕರೆದ ದಿನ ಆಸ್ಪತ್ರೆಗೆ ಬಾರದ ಮಕ್ಕಳ ಬಗ್ಗೆ ಮಾತಾಡಿ, ಕೊಳಚೆ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಕರೆಂಟಿನ ಬಗ್ಗೆಯೂ ಮಾತಾಡಿ ಎಂದರು. ಎತ್ತಣ ಕೂಸು, ಎತ್ತಣ ಚರಂಡಿ ಎಂದು ನೀವು ನಗಬಹುದು. ವಿಷಯಪತ್ರ ಕೈಗೆ ಬಂದಾಗ ನಾನೂ ನಕ್ಕೆ. ಆದರೆ ಓದುತ್ತ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಆಶಾ ಅಕ್ಕಂದಿರ ಜೊತೆ ಮಾತಾಡುತ್ತ ಹೋದ ಮೇಲೆ ಒಂದು ಸಂಗತಿ ಖಾತ್ರಿಯಾಯಿತು. ಎರಡೂ ಕಡೆ ಕೊಡುವವರು ಸಿದ್ಧರಿದ್ದಾರೆ: ಇಲ್ಲಿ ಕೂಸನ್ನು ಕರೆತರುವ ತಾಯಿ, ಅಲ್ಲಿ ಕರೆಂಟು ಕೊಡುವ ಬ್ಯಾಕ್ಟೀರಿಯಾ. ತಕ್ಕೊಳ್ಳುವ ಕಡೆಯ ಏರ್ಪಾಟು ದೂರದಲ್ಲಿದೆ. ವಿಜ್ಞಾನಿಗಳು ಇದನ್ನು ಅರ್ಥ ಮಾಡಿಕೊಂಡರು. ಆರೋಗ್ಯದ ವಿಷಯದಲ್ಲಿ ನಾವಿನ್ನೂ ತಾಯಂದಿರನ್ನೇ ಬಯ್ಯುತ್ತ ಕೂತಿದ್ದೇವೆ.

ಮೊದಲು ಕೂಸಿನ ಮಾತು.

ನಮ್ಮ ಹಳ್ಳಿಗಳಲ್ಲಿ ಗುರುವಾರ ಎಂದರೆ ಸೂಜಿಯ ದಿನ. ಅಂಗನವಾಡಿಯ ಮೂಲೆಯ ಬೆಂಚಿನ ಮೇಲೆ ವ್ಯಾಕ್ಸಿನ್ ಕ್ಯಾರಿಯರ್ ಇರುತ್ತದೆ. ಅದರೊಳಗೆ ನಾಲ್ಕು ಐಸ್‌ಪ್ಯಾಕು, ನಡುವೆ ಹೆಬ್ಬೆರಳಿನಷ್ಟು ಸೀಸೆಗಳು. ಸಿಸ್ಟರ್ ಸೂಜಿ ಮಾಡುತ್ತಾರೆ, ಆಶಾ ಅಕ್ಕ ಸೂಜಿ ಬಾಕಿಯಿರುವ ಮಕ್ಕಳ ಪಟ್ಟಿ, ಅಂದರೆ ಡ್ಯೂ ಲಿಸ್ಟ್ ಹಿಡಿದು ಹೆಸರು ಕೂಗುತ್ತಾರೆ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಪೆಂಟಾವೇಲೆಂಟ್, ಅದರ ಜೊತೆ ಪೋಲಿಯೋ ಮತ್ತು ರೋಟಾವೈರಸ್ ಹನಿ. ಒಂಬತ್ತು ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ, ಒಂದೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ಅದು, ಜೊತೆಗೆ ಬೂಸ್ಟರ್. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ಪಟ್ಟಿ ಬೆಳೆಯುತ್ತ ಬಂದಿದೆ. ಫಲವೂ ಸಿಕ್ಕಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ರಾಜ್ಯದ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಮೂಲ ಲಸಿಕೆಗಳನ್ನೆಲ್ಲ ಪಡೆದವರು ನೂರಕ್ಕೆ 63ರ ಆಸುಪಾಸು ಇದ್ದರು. 2019–21ರ ಸಮೀಕ್ಷೆಯಲ್ಲಿ ಆ ಸಂಖ್ಯೆ 84ಕ್ಕೆ ಏರಿತು. ಇದರ ಹೆಚ್ಚಿನ ಶ್ರೇಯಸ್ಸು ಮನೆಮನೆ ತಿರುಗುವ ಹೆಂಗಸರದ್ದು. ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರದ್ದಲ್ಲ.

ಉಳಿದ ಹದಿನಾರು ಮಕ್ಕಳು ಯಾರು? ಸಭೆಗಳಲ್ಲಿ ಸಿಗುವ ಉತ್ತರ ಸಿದ್ಧವಾಗಿರುತ್ತದೆ: ಅಜ್ಞಾನ, ಮೂಢನಂಬಿಕೆ, ಅಸಡ್ಡೆ. ಲಸಿಕೆ ಬೇಡವೇ ಬೇಡ ಎನ್ನುವ ಮನೆಗಳು ಇಲ್ಲವೆಂದಲ್ಲ, ಅಲ್ಲೊಂದು ಇಲ್ಲೊಂದು ಇವೆ. ಆದರೆ ಡ್ಯೂ ಲಿಸ್ಟಿನಲ್ಲಿ ಬಾಕಿ ಉಳಿದ ಹೆಸರುಗಳ ಹಿಂದೆ ಹೋದರೆ ಕಾಣುವ ಚಿತ್ರ ಬೇರೆ.

ಬಾಣಂತನವನ್ನೇ ತಗೊಳ್ಳಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಮಗಳು ತವರಿಗೆ ಬರುತ್ತಾಳೆ. ಹೆರಿಗೆಯಾಗಿ ಮೂರು ತಿಂಗಳೋ ಐದು ತಿಂಗಳೋ ಕಳೆದ ಮೇಲೆ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋಗುತ್ತಾಳೆ. ಆರು, ಹತ್ತು, ಹದಿನಾಲ್ಕು ವಾರ ಸರಿಯಾಗಿ ಇದರ ನಡುವೆಯೇ ಬೀಳುತ್ತವೆ. ಗರ್ಭಿಣಿಯಾದಾಗ ಅವಳು ‘ತಾಯಿ ಕಾರ್ಡ್’ ಮಾಡಿಸಿದ್ದು ಗಂಡನ ಊರಿನ ಉಪಕೇಂದ್ರದಲ್ಲಿ. ಅಲ್ಲಿಯ ಪಟ್ಟಿಯಲ್ಲಿ ಕೂಸು ‘ಬಾಕಿ’. ತವರೂರಿನ ಆಶಾ ಅಕ್ಕನ ಪಟ್ಟಿಯಲ್ಲಿ ಆ ಕೂಸಿನ ಹೆಸರೇ ಇಲ್ಲ. ಬಾಣಂತಿ ತಾನಾಗಿಯೇ ಬಂದರೆ ಸೂಜಿ ಸಿಗುತ್ತದೆ, ಬಾರದಿದ್ದರೆ ಕರೆಯುವವರಿಲ್ಲ. ಹಿರೇಕೆರೂರಿನ ಸೊಸೆಗೆ ಶಿಕಾರಿಪುರ ತವರಾದರೆ ಜಿಲ್ಲೆಯೇ ಬದಲಾಯಿತು. ಹಾನಗಲ್ಲಿನ ಸೊಸೆ ಮುಂಡಗೋಡಿನವಳಾದರೂ ಅಷ್ಟೆ. ಹದಿನಾಲ್ಕನೇ ವಾರದ ಸೂಜಿ ತಪ್ಪುವುದು ಬಹಳ ಸಲ ಈ ದಾಟುವ ಹೊತ್ತಿನಲ್ಲಿ. ತವರಿನವರು ಅಲ್ಲಿ ಹೋಗಿ ಹಾಕಿಸಿಕೊಳ್ಳುತ್ತಾಳೆ ಅಂದುಕೊಳ್ಳುತ್ತಾರೆ, ಗಂಡನ ಮನೆಯವರು ಅಲ್ಲೇ ಆಗಿರಬೇಕು ಅಂದುಕೊಳ್ಳುತ್ತಾರೆ. ಯು–ವಿನ್ ಎಂಬ ಆನ್‌ಲೈನ್ ಲಸಿಕೆ ನೋಂದಣಿಯಿಂದ ಯಾವ ಊರಿನಲ್ಲಿ ಹಾಕಿಸಿದರೂ ದಾಖಲೆ ಒಂದೇ ಕಡೆ ಸೇರಬಹುದು. ಒಳ್ಳೆಯದೇ. ಆದರೆ ಅದರಲ್ಲಿ ಬರೆಸಿದ ಮೊಬೈಲ್ ನಂಬರು ಗಂಡನದು, ಗಂಡ ಗೋವೆಯಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ನೆನಪಿನ ಸಂದೇಶ ಹೋಗಿ ಮುಟ್ಟುವುದು ಮಡಗಾಂವಿಗೆ.

ಇನ್ನು ಕೂಲಿಯ ಮಾತು. ಹಿರೇಕೆರೂರು, ರಟ್ಟೀಹಳ್ಳಿ, ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಹತ್ತಿಯ ಕ್ರಾಸಿಂಗ್ ಕೆಲಸ ನೋಡಿದವರಿಗೆ ಗೊತ್ತು. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಆರಿಸಿ, ಉಗುರಿನಿಂದ ಎಸಳು ಮತ್ತು ಕೇಸರ ಬಿಡಿಸಿ, ಗುರುತಿಗೆ ಬಣ್ಣದ ಹಾಳೆ ಸಿಗಿಸಬೇಕು. ಮರುದಿನ ಮುಂಜಾನೆ ಗಂಡುಹೂವು ತಂದು ಅದರ ಪರಾಗವನ್ನು ಆ ಶಲಾಕೆಗೆ ತಾಕಿಸಬೇಕು. ಬಿಸಿಲೇರಿತೆಂದರೆ ಆ ಹೂವಿನ ಕಾಲ ಮುಗಿಯಿತು. ಹೀಗೆ ತಿಂಗಳುಗಟ್ಟಲೆ ದಿನವೂ ಎರಡು ಹೊತ್ತು ನಡೆಯುವ ಕೆಲಸ, ಬಹುಪಾಲು ಹೆಂಗಸರದು. ಹೂವಿನ ವೇಳೆ ಮತ್ತು ಆಸ್ಪತ್ರೆಯ ಓಪಿಡಿಯ ವೇಳೆ ಒಂದೇ. ಹೊಲದ ಮಾಲೀಕ ರಜೆ ಕೊಟ್ಟಾನು, ಹೂವು ಕೊಡುವುದಿಲ್ಲ. ಹಾನಗಲ್ಲಿನಲ್ಲಿ ಭತ್ತದ ನಾಟಿ, ಶಿಗ್ಗಾವಿ–ಸವಣೂರಿನಲ್ಲಿ ಗೋವಿನಜೋಳದ ಕಟಾವು ಬಂದಾಗಲೂ ಇದೇ ಇಕ್ಕಟ್ಟು. ಸೂಜಿಯ ಮರುದಿನ ಕೂಸಿಗೆ ಜ್ವರ ಬರಬಹುದು ಎಂಬುದೂ ತಾಯಿಗೆ ಗೊತ್ತು. ‘ಗುರುವಾರ ಸೂಜಿ ಮಾಡಿಸಿದ್ರ ಶುಕ್ರವಾರದ ಪಗಾರನೂ ಹೋತು’ ಎಂಬ ಲೆಕ್ಕ ಅಜ್ಞಾನದ್ದಲ್ಲ. ಅದು ಎರಡು ದಿನದ ಕೂಲಿಯ ಲೆಕ್ಕ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಟಿಕೆಟಿನ ದುಡ್ಡು ಉಳಿಯಿತು ನಿಜ. ಹೋದ ದಿನ ಉಳಿಯಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದ ಮಕ್ಕಳ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ವೈದ್ಯರ ತಂಡ ವಾಹನದಲ್ಲಿ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ನೋಡುತ್ತದೆ. ಗುಂಡಿಗೆಯ ತೂತು, ಸೀಳುತುಟಿ, ಕಿವುಡು, ಸೊಟ್ಟಪಾದ ಕಂಡರೆ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸಿಗೋ ಕಳಿಸುತ್ತದೆ. ಹುಡುಕುವ ಕೆಲಸ ಊರಿಗೇ ಬಂತು. ಚಿಕಿತ್ಸೆ ಮಾತ್ರ ದೂರದಲ್ಲೇ ಉಳಿಯಿತು.

ಸೊಟ್ಟಪಾದದ ಉದಾಹರಣೆಯಲ್ಲಿ ತುಸು ನಿಲ್ಲುತ್ತೇನೆ. ಸಾವಿರ ಕೂಸುಗಳಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಇದು ಬರುತ್ತದೆ. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು ರೂಪಿಸಿದ ವಿಧಾನದಲ್ಲಿ ದೊಡ್ಡ ಆಪರೇಷನ್ ಬೇಕಿಲ್ಲ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಕಟ್ಟುತ್ತ ಐದಾರು ವಾರ ಹೋಗಬೇಕು. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದೆ ಒಂದು ಸಣ್ಣ ಕೊಯ್ತ ಆಗುತ್ತದೆ. ಆಮೇಲೆ ಕೋಲಿಗೆ ಜೋಡಿಸಿದ ಬೂಟು: ಮೊದಲ ಮೂರು ತಿಂಗಳು ಹಗಲುರಾತ್ರಿ, ಬಳಿಕ ನಾಲ್ಕೈದು ವರ್ಷದವರೆಗೆ ಮಲಗುವಾಗ. ಪ್ಲಾಸ್ಟರಿನ ವಾರಗಳನ್ನು ತಾಯಿ ಹೇಗೋ ನಿಭಾಯಿಸುತ್ತಾಳೆ. ಸಮಸ್ಯೆ ಬರುವುದು ಪಾದ ನೆಟ್ಟಗಾದ ಮೇಲೆ. ಕೂಸು ನಡೆಯತೊಡಗಿದೆ, ಬೂಟು ಬಿಗಿಯಾಗಿದೆ, ರಾತ್ರಿ ಅಳುತ್ತದೆ. ನೆಟ್ಟಗಾದ ಕಾಲಿಗೆ ಇನ್ಯಾಕೆ ಈ ಶಿಕ್ಷೆ ಎಂದು ಅಜ್ಜಿ ಬಿಚ್ಚಿಸುತ್ತಾಳೆ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಇಡೀ ದಿನ ಬಸ್ಸಿನಲ್ಲೇ. ಬೂಟಿನ ಅಳತೆ ಬದಲಿಸುವ ದಿನ ತಪ್ಪುತ್ತದೆ, ಪಾದ ಮತ್ತೆ ಒಳಕ್ಕೆ ತಿರುಗತೊಡಗುತ್ತದೆ. ಚಿಕಿತ್ಸೆ ಗೆದ್ದದ್ದೇ ಭೇಟಿ ತಪ್ಪಲು ಕಾರಣವಾಯಿತು. ಇಂಥ ತಾಯಿಯನ್ನು ಮುಂದಿನ ಸಲ ಬಂದಾಗ ಹತ್ತು ಮಂದಿಯ ಎದುರು ಗದರಿಸಿದರೆ ಅವಳು ಮತ್ತೆ ಬರುವುದಿಲ್ಲ. ಬೈಗುಳದ ಹೆದರಿಕೆಯಿಂದ ತಪ್ಪಿದ ಭೇಟಿಗಳ ಲೆಕ್ಕವನ್ನು ಯಾವ ರಿಜಿಸ್ಟರೂ ಇಡುವುದಿಲ್ಲ. ನನ್ನ ಅಂದಾಜಿನಲ್ಲಿ ಅದು ಸಣ್ಣದಲ್ಲ.

ಈಗ ಚರಂಡಿಗೆ ಬರೋಣ.

ಕೊಳಚೆ ನೀರಿನಲ್ಲಿ ಅನ್ನದ ಗಂಜಿ, ಎಣ್ಣೆ, ಸಾಬೂನು, ಮಲಮೂತ್ರ ಎಲ್ಲ ಇರುತ್ತವೆ. ಬ್ಯಾಕ್ಟೀರಿಯಾಕ್ಕೆ ಅದೇ ಊಟ. ನಾವು ಉಂಡ ಅನ್ನವನ್ನು ಮೈಯೊಳಗೆ ಉರಿಸುವಾಗ ಅದರಿಂದ ಕಳಚಿದ ಇಲೆಕ್ಟ್ರಾನುಗಳನ್ನು ಕೊನೆಗೆ ಒಪ್ಪಿಸುವುದು ಉಸಿರಾಡಿದ ಆಮ್ಲಜನಕಕ್ಕೆ. ಗಾಳಿಯೇ ಇಲ್ಲದ ಕೆಸರಿನಲ್ಲಿ ಇರುವ ಬ್ಯಾಕ್ಟೀರಿಯಾ ಏನು ಮಾಡಬೇಕು? ಕೆಲವು ಜಾತಿಯವು ಕಬ್ಬಿಣದ ತುಕ್ಕಿಗೆ ಒಪ್ಪಿಸುತ್ತವೆ. ಹಾನಗಲ್ಲಿನ ರೈತರಿಗೆ ಇದರ ಗುರುತು ಗೊತ್ತು. ನೀರು ನಿಂತ ಭತ್ತದ ಗದ್ದೆಯ ಮಣ್ಣನ್ನು ಗೇಣುದ್ದ ಅಗೆದರೆ ಮೇಲಿನ ಕೆಂಪು ಹೋಗಿ ಬೂದು–ನೀಲಿ ಬಣ್ಣದ ಕೆಸರು ಬರುತ್ತದೆ. ಭತ್ತದ ಬೇರಿನ ಸುತ್ತ ಮಾತ್ರ ಕೆಂಪು ಲೇಪ ಉಳಿದಿರುತ್ತದೆ, ಏಕೆಂದರೆ ಬೇರು ಗಾಳಿಯನ್ನು ಕೆಳಗಿಳಿಸುತ್ತದೆ. ಕೆಂಪು ತುಕ್ಕು ಇಲೆಕ್ಟ್ರಾನು ಪಡೆದು ಬಣ್ಣ ಕಳೆದುಕೊಂಡಿದೆ. ಅದನ್ನು ಕೊಟ್ಟವರಲ್ಲಿ ಜಿಯೋಬ್ಯಾಕ್ಟರ್ ಎಂಬ ಕುಲದವು ಮುಖ್ಯ. ಡೆರೆಕ್ ಲವ್ಲಿ ಎಂಬ ವಿಜ್ಞಾನಿ 1987ರಲ್ಲಿ ಇದನ್ನು ಅಮೆರಿಕದ ಪೊಟೊಮ್ಯಾಕ್ ನದಿಯ ಹೂಳಿನಲ್ಲಿ ಗುರುತಿಸಿದರು. ಪ್ರಪಂಚದ ಭತ್ತದ ಗದ್ದೆಗಳಲ್ಲೆಲ್ಲ ಇದರ ಬಂಧುಬಳಗ ಸಾಮಾನ್ಯ.

ತುಕ್ಕಿನ ಜಾಗದಲ್ಲಿ ಒಂದು ಇಂಗಾಲದ ಫಲಕ ಇಟ್ಟರೆ ಈ ಜೀವಿಗಳು ಅದರ ಮೇಲೆ ಲೋಳೆಯ ಪದರ ಕಟ್ಟಿ, ಇಲೆಕ್ಟ್ರಾನನ್ನು ಅದಕ್ಕೇ ಒಪ್ಪಿಸುತ್ತವೆ. ಅಲ್ಲಿಂದ ತಂತಿ ಎಳೆದು, ಗಾಳಿ ತಾಕುವ ಇನ್ನೊಂದು ಫಲಕಕ್ಕೆ ಸೇರಿಸಿದರೆ ನಡುವೆ ಹರಿಯುವುದೇ ಕರೆಂಟು; ಈ ಇಡೀ ಜೋಡಣೆಗೆ ಕೋಶ ಎನ್ನುತ್ತಾರೆ. ವಿನೆಗರಿನಲ್ಲಿರುವ ಅಸಿಟೇಟಿನ ಒಂದು ಅಣು ಪೂರ್ತಿ ಉರಿದರೆ ಎಂಟು ಇಲೆಕ್ಟ್ರಾನು ಸಿಗುತ್ತವೆ. ಇದು ಇಂದಿನ ಸಂಗತಿಯಲ್ಲ. ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ. ಸಿ. ಪಾಟರ್ 1911ರಲ್ಲೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಂದ ಅರ್ಧ ವೋಲ್ಟಿನಷ್ಟು ಅಳೆದು ಪ್ರಕಟಿಸಿದ್ದರು. ಆಗ ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. 2004ರಲ್ಲಿ ಪೆನ್ಸಿಲ್ವೇನಿಯಾದ ಬ್ರೂಸ್ ಲೋಗನ್ ಮತ್ತು ಸಂಗಡಿಗರು ಮನೆಬಳಕೆಯ ಕೊಳಚೆಯನ್ನೇ ಹರಿಸಿ, ಕರೆಂಟು ತೆಗೆಯುತ್ತಲೇ ಅದರ ಹೊಲಸಿನಲ್ಲಿ ನೂರಕ್ಕೆ 80ರವರೆಗೆ ತೆಗೆಯಬಹುದೆಂದು ತೋರಿಸಿದ ಮೇಲೆ ಜಗತ್ತು ಕಣ್ಣರಳಿಸಿತು.

ನನಗೆ ಮುಖ್ಯವೆನಿಸಿದ್ದು ಅವರ ಅದೇ ವರ್ಷದ ಇನ್ನೊಂದು ಪ್ರಯೋಗ. ಎರಡು ಫಲಕಗಳ ನಡುವೆ ನಫಿಯಾನ್ ಎಂಬ ದುಬಾರಿ ಪೊರೆ ಇಡುವುದು ವಾಡಿಕೆ. ಪೊರೆ ಇದ್ದಾಗ ಕೊಳಚೆ ನೀರಿನಿಂದ ಫಲಕದ ಪ್ರತಿ ಚದರ ಮೀಟರಿಗೆ ಸಿಕ್ಕದ್ದು 28 ಮಿಲಿವ್ಯಾಟ್. ಪೊರೆ ತೆಗೆದುಹಾಕಿದಾಗ 146. ಐದು ಪಟ್ಟು! ಬ್ಯಾಕ್ಟೀರಿಯಾ ಅವೇ, ಕೊಳಚೆಯೂ ಅದೇ. ಅವಕ್ಕೆ ಯಾರೂ ತಿಳಿವಳಿಕೆ ಶಿಬಿರ ಮಾಡಲಿಲ್ಲ. ನಡುವಿನ ಅಡ್ಡಿಯನ್ನು ತೆಗೆದರು ಅಷ್ಟೆ. ಈ ಕ್ಷೇತ್ರದ ಎಂಜಿನಿಯರುಗಳ ಮೊದಲ ಪ್ರಶ್ನೆಯೇ ಒಳಗಿನ ತಡೆ ಎಲ್ಲಿದೆ, ಫಲಕಗಳನ್ನು ಇನ್ನೆಷ್ಟು ಹತ್ತಿರ ತರಬಹುದು ಎಂಬುದು. ಆರೋಗ್ಯ ಇಲಾಖೆಯ ಸಭೆಗಳಲ್ಲಿ ಈ ಪ್ರಶ್ನೆ ಮೊದಲಿಗೆ ಬಂದದ್ದನ್ನು ನಾನು ಕೇಳಿಲ್ಲ.

ನಮ್ಮ ದೇಶದಲ್ಲೂ ಒಳ್ಳೆಯ ಕೆಲಸ ನಡೆದಿದೆ. ಐಐಟಿ ಖರಗಪುರದ ಎಂ. ಎಂ. ಘಾಂಗ್ರೇಕರ್ ಅವರ ತಂಡ ಅಕ್ಕಿ ಗಿರಣಿಯ ಹೊಲಸು ನೀರಿನ ಮೇಲೆ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಕುಸುಬಲಕ್ಕಿಗೆ ಭತ್ತ ನೆನೆಸಿದ ನೀರು ಹಳದಿಗಟ್ಟಿ ನಾರುವುದು ಗಿರಣಿಯ ಹಿಂಬದಿಗೆ ಹೋದವರಿಗೆಲ್ಲ ಗೊತ್ತು. ಆ ತಂಡ ನಫಿಯಾನ್ ಪೊರೆಯ ಬದಲು ಕುಂಬಾರನ ಮಣ್ಣಿನ ಗಡಿಗೆಯನ್ನೇ ಬಳಸಿತು. ಗಡಿಗೆಯ ಗೋಡೆಯ ಸಣ್ಣ ರಂಧ್ರಗಳೇ ಪೊರೆಯ ಕೆಲಸ ಮಾಡಿದವು. ದುಬಾರಿ ಪೊರೆಯ ಕೋಶಕ್ಕಿಂತ ಗಡಿಗೆಯ ಕೋಶವೇ ಹೆಚ್ಚು ಕರೆಂಟು ಕೊಟ್ಟಿತು, ನೀರನ್ನೂ ಹೆಚ್ಚು ಶುದ್ಧ ಮಾಡಿತು. ಭತ್ತವೂ ಗಿರಣಿಯೂ ಕುಂಬಾರರೂ ಇರುವ ಹಾನಗಲ್ಲಿನ ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ?

ಆದರೆ ಆಸೆ ಹುಟ್ಟಿಸಿ ಹೋಗುವ ಜಾತಿಯ ಉಪನ್ಯಾಸ ನನ್ನದಲ್ಲ. ಲೆಕ್ಕ ಹಾಕಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯುವ ಐಎಲ್‌ಆರ್ ಪೆಟ್ಟಿಗೆಗೆ ಸರಾಸರಿ ನೂರು ವ್ಯಾಟ್ ಬೇಕೆಂದೇ ಇಟ್ಟುಕೊಳ್ಳೋಣ. ಚದರ ಮೀಟರಿಗೆ 146 ಮಿಲಿವ್ಯಾಟಿನಂತೆ 685 ಚದರ ಮೀಟರ್ ಫಲಕ ಬೇಕಾಯಿತು. ಅದೇ ನೂರು ವ್ಯಾಟಿಗೆ ಸೂರಿನ ಮೇಲೆ ನಾಲ್ಕಾರು ಸೋಲಾರ್ ಹಲಗೆ ಸಾಕು. ಸೆಲ್ಕೋದಂಥ ಸಂಸ್ಥೆಗಳು ರಾಜ್ಯದ ಆರೋಗ್ಯ ಕೇಂದ್ರಗಳಿಗೆ ಅದನ್ನು ಹಾಕಿಯೂ ಕೊಟ್ಟಿವೆ. ಇನ್ನೊಂದು ತೊಡಕಿದೆ. ಒಂದು ಕೋಶ ಅರ್ಧ ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಟಾರ್ಚಿನ ಸೆಲ್ಲಿನಂತೆ ಸಾಲಾಗಿ ಜೋಡಿಸಹೋದರೆ ಊಟ ಕಡಿಮೆಯಾದ ಕೋಶ ಉಲ್ಟಾ ತಿರುಗಿ ಉಳಿದವುಗಳ ಶಕ್ತಿಯನ್ನೇ ತಿನ್ನುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ತಂಡ 2015ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಜನರ ಮೂತ್ರದಿಂದಲೇ ಮೂತ್ರಾಲಯದ ದೀಪ ಉರಿಸಿ ತೋರಿಸಿತು. ಸಾಧನೆಯ ಅಳತೆ ಅಷ್ಟು: ಒಂದು ದೀಪದ ಬೆಳಕು. ರಾತ್ರಿ ಶೌಚಕ್ಕೆ ಹೋಗುವ ಹುಡುಗಿಗೆ ಅದು ಸಣ್ಣದೇನಲ್ಲ. ಊರಿಗೆ ಕರೆಂಟು ಬರುತ್ತದೆ ಎನ್ನುವವರನ್ನು ಮಾತ್ರ ನಂಬಬೇಡಿ.

ಹಾಗಾದರೆ ಇದರ ನಿಜವಾದ ಬೆಲೆ ಏನು? ನೀರು ಶುದ್ಧಿ. ಇಂದಿನ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಗಾಳಿ ಊದುವ ಯಂತ್ರಗಳೇ ಸುಮಾರು ಅರ್ಧದಷ್ಟು ವಿದ್ಯುತ್ ನುಂಗುತ್ತವೆ. ಬಿಲ್ ಕಟ್ಟಲಾಗದೆ ಯಂತ್ರ ನಿಲ್ಲಿಸುವ ಸಣ್ಣ ಪಟ್ಟಣಗಳ ಕಥೆ ಹೊಸದೇನಲ್ಲ. ಗಾಳಿ ಊದದೆಯೂ ಹೊಲಸು ತಿನ್ನುವ, ಕಡಿಮೆ ಕೆಸರು ಬಿಡುವ ಬ್ಯಾಕ್ಟೀರಿಯಾ ಇದ್ದರೆ ಬರುವ ಕರೆಂಟಿಗಿಂತ ಉಳಿಯುವ ಕರೆಂಟೇ ದೊಡ್ಡದು. ಕೂಸಿನ ಮಾತು ಮತ್ತೆ ಸೇರುವುದು ಇಲ್ಲಿಯೇ. ವರ್ಷದೊಳಗಿನ ಮಕ್ಕಳನ್ನು ವಾಂತಿಭೇದಿಯಿಂದ ಆಸ್ಪತ್ರೆಗೆ ಎಳೆದುತರುವುದು ಓಣಿಯ ಹೊಲಸು ನೀರು. ರೋಟಾವೈರಸ್ ಹನಿ ಒಂದು ಬಗೆಯ ಭೇದಿಯನ್ನಷ್ಟೇ ತಡೆಯುತ್ತದೆ. ಉಳಿದದ್ದಕ್ಕೆ ನೀರೇ ಚೊಕ್ಕವಾಗಬೇಕು.

ಕೊಡುವವರು ದಿನವೂ ತಪ್ಪದೆ ಬರುವಂತೆ ಮಾಡುವುದು ಹೇಗೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಹಳೆಯ ಪಾಠವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಮಾಡಿತು. ಮೊದಲು ಅಡುಗೆಗೆ ಗ್ಯಾಸ್ ಕೊಡಲು ಹೊರಟರು. ಸಗಣಿ ಸಾಲಲಿಲ್ಲ, ಯೋಜನೆ ಕುಂಟಿತು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಮತ್ತು ದೀಪ ಕೊಟ್ಟರು. ಸಗಣಿ ತಂದವರಿಗೆ ಸಾಗಣೆಯ ಕೂಲಿ ಕೊಟ್ಟರು, ಗ್ಯಾಸ್ ತೆಗೆದ ಮೇಲಿನ ಗೊಬ್ಬರವನ್ನು ವಾಪಸ್ ಕೊಟ್ಟರು. ಆಗ ಯೋಜನೆ ವರ್ಷಗಟ್ಟಲೆ ನಡೆಯಿತು. ಊರಿನ ಜನ ಬದಲಾಗಿರಲಿಲ್ಲ. ಅವರ ಬೆಳಗಿನ ಶ್ರಮಕ್ಕೆ ಅವತ್ತೇ ಪ್ರತಿಫಲ ಸಿಗುವಂತಾಗಿತ್ತು.

ಈ ನಾಲ್ಕು ತಾಲೂಕುಗಳ ಆರೋಗ್ಯಾಧಿಕಾರಿಗಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ ನನ್ನ ಬಿನ್ನಹ ದೊಡ್ಡದೇನಲ್ಲ. ಕ್ರಾಸಿಂಗ್ ಮತ್ತು ನಾಟಿಯ ತಿಂಗಳುಗಳಲ್ಲಿ ಒಂದೆರಡು ಗುರುವಾರವಾದರೂ ಲಸಿಕೆಯ ಹೊತ್ತನ್ನು ಸಂಜೆ ದೀಪ ಹಚ್ಚುವ ವೇಳೆಗೆ ಒಯ್ಯಿರಿ, ಸಿಸ್ಟರುಗಳಿಗೆ ಅದರ ಬದಲಿ ರಜೆ ಕೊಡಿ. ತವರಿಗೆ ಬಂದ ಬಾಣಂತಿಯರ ಹೆಸರನ್ನು ಬಂದ ವಾರವೇ ಆ ಊರಿನ ಡ್ಯೂ ಲಿಸ್ಟಿಗೆ ಸೇರಿಸುವ ಹೊಣೆ ಯಾರದೆಂದು ಬರೆದು ಗೋಡೆಗೆ ಹಚ್ಚಿರಿ. ಬೂಟಿನ ಅಳತೆ ಬದಲಿಸುವ ಕೆಲಸಕ್ಕೆ ತಾಲೂಕು ಆಸ್ಪತ್ರೆಯಲ್ಲೇ ತಿಂಗಳಿಗೊಂದು ದಿನ ಇಟ್ಟರೆ ಹಿರೇಕೆರೂರಿನ ತಾಯಿ ಹುಬ್ಬಳ್ಳಿ ಬಸ್ಸಿಗೆ ಕಾಯಬೇಕಿಲ್ಲ.

ತಾಯಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ಸೂಜಿ ತಪ್ಪಿದ್ದರೆ ಎಲ್ಲ ಕೆಟ್ಟಿತು, ಮೊದಲಿನಿಂದ ಶುರು ಮಾಡಬೇಕು ಎಂಬುದು ಸುಳ್ಳು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ, ಹಾಕಿಸಿದ್ದು ವ್ಯರ್ಥವಾಗಿರುವುದಿಲ್ಲ. ಕೆಲವು ಲಸಿಕೆಗೆ ವಯಸ್ಸಿನ ಮಿತಿ ಇದೆ, ಆದ್ದರಿಂದ ತಡ ಮಾಡಬೇಡಿ. ಯಾವ ಊರಿನ ಅಂಗನವಾಡಿಯಾದರೂ ಸರಿ, ತಾಯಿ ಕಾರ್ಡ್ ಹಿಡಿದು, ಬರುವ ಗುರುವಾರವೇ ಹೋಗಿ. ಕಾರ್ಡ್ ಕಳೆದಿದ್ದರೆ ಕಾರ್ಡಿಲ್ಲದೆಯೇ ಹೋಗಿ.